ಡಬ್ಬಿ ಮೇಲೆ 5, ತಕ್ಕಡಿ ಮೇಲೆ 6

ಮೊದಲೇ ಹೇಳಿಬಿಡುತ್ತೇನೆ, ಇದು ಒಂದು ದಾರದ ವಿಮರ್ಶೆ. 5,900 ರೂಪಾಯಿ ಕೊಟ್ಟು ಕೊಂಡ, 27 ಮೀಟರ್ ಉದ್ದದ, ಅರಿಶಿನ ಬಣ್ಣದ ಫ್ಲೈ ಲೈನ್, ಅಂದರೆ ಮೀನು ಹಿಡಿಯುವ ಒಂದು ಬಗೆಯ ಗಾಳದ ದಾರ. ದಾರಕ್ಕೆ ಇಷ್ಟು ದುಡ್ಡಾ ಅಂತ ನಮ್ಮನೆಯವರು ಮೂರು ದಿನ ಕೇಳಿದರು. ಆ ದುಡ್ಡಿಗೆ ಒಂದು ಸೀರೆ ಬರುತ್ತಿತ್ತಲ್ಲ ಅಂದರು. ನೀವು ಸೀರೆ ಕೊಡಿಸಿ ಎಷ್ಟು ವರ್ಷ ಆಯಿತು ಅಂತ ನಾನು ಕೇಳಿದ ಮೇಲೆ ಆ ಮಾತು ನಿಂತಿತು.

ಕಂಪನಿಯ ಹೆಸರಾಗಲಿ ಮಾರಿದವರ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಲೈನು ಕೆಟ್ಟದ್ದೇನಲ್ಲ. ಮೈ ನುಣುಪಾಗಿದೆ, ತುದಿಯ ಕುಣಿಕೆ ಅಚ್ಚುಕಟ್ಟಾಗಿ ಬೆಸೆದಿದ್ದಾರೆ, ನೀರಿನ ಮೇಲೆ ಚೆನ್ನಾಗಿ ತೇಲುತ್ತದೆ. ನನ್ನ ತಕರಾರು ಡಬ್ಬಿಯ ಮೇಲಿರುವ ಒಂದೇ ಒಂದು ಅಂಕಿಯ ಬಗ್ಗೆ. ಆ ಅಂಕಿಯನ್ನು ನಂಬಿಕೊಂಡು ಎರಡು ತಿಂಗಳು ನನ್ನ ಕೈಯನ್ನೇ ಬೈದುಕೊಂಡೆ.

ನಾನು ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿ ಬೆಂಚಿನ ಮುಂದೆ 19 ವರ್ಷ ಕೂತವಳು, ಆಮೇಲೆ ವಿಆರ್‌ಎಸ್ ತೆಗೆದುಕೊಂಡೆ. ಮೀನು ಹಿಡಿಯುವುದು ಅಪ್ಪನಿಂದ ಅಂಟಿದ ಚಟ. ಭಾನುವಾರ ಬೆಳಗ್ಗೆ ಅಪ್ಪ ಬಿದಿರು ಕೋಲು, ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳು ಹಿಡಿದು ಕೆರೆ ಏರಿಯ ಮೇಲೆ ಕೂತರೆ ಪಕ್ಕದಲ್ಲಿ ನಾನು. ಅಮ್ಮನಿಗೆ ಮನೆಗೆ ಬಂದ ಮೀನಿಗಿಂತ ಫ್ರಾಕಿಗೆ ಮೆತ್ತಿದ ಕೆಸರೇ ಜಾಸ್ತಿ ಕಾಣುತ್ತಿತ್ತು. ಆ ಗಾಳದಲ್ಲಿ ನಂಬರು, ತೂಕ ಅಂತ ಯಾವ ಲೆಕ್ಕವೂ ಇರಲಿಲ್ಲ.

ಫ್ಲೈ ರಾಡು, ಅಂದರೆ ಈ ದಾರ ಬೀಸುವ ಕೋಲು, ಕೈಗೆ ಬಂದದ್ದು 2019ರಲ್ಲಿ, ಮಗಳ ಬಾಣಂತನಕ್ಕೆ ಅಂತ ಕೊಲೊರಾಡೊಗೆ ಹೋದಾಗ. ಮಗು ಮಲಗಿದ ಹೊತ್ತಿನಲ್ಲಿ ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯ ಮುದುಕರೊಬ್ಬರು ಹುಲ್ಲಿನ ಮೇಲೆ ನಿಂತು ಗಾಳಿಯಲ್ಲಿ ದಾರ ಬೀಸುತ್ತಿದ್ದರು. ನೀರಿಲ್ಲ, ಮೀನಿಲ್ಲ. ತಲೆ ನೆಟ್ಟಗಿಲ್ಲ ಅಂದುಕೊಂಡೆ. ನಾಲ್ಕನೇ ದಿನ ಅವರೇ ಬೇಲಿಯ ಆಚೆಯಿಂದ ರಾಡು ಚಾಚಿದರು. ವಾಪಸ್ ಬರುವಾಗ ಅಳಿಯ ಒಂದು ರಾಡು, ಒಂದು ರೀಲು ಕೊಡಿಸಿದ. 9 ಅಡಿ, ನಾಲ್ಕು ತುಂಡು, ಹಿಡಿಯ ಮೇಲುಗಡೆ 5 ಅಂತ ಅಚ್ಚು. ಲೈನು ಕೊಡಿಸುವುದನ್ನು ಮರೆತ. ಮದುವೆಗೆ ಎಲ್ಲಾ ತಂದು ತಾಳಿ ಮರೆತ ಹಾಗೆ.

ಯಾಕೆ ತಾಳಿ ಅಂದೆ ಅಂದರೆ, ಈ ಆಟದಲ್ಲಿ ಲೈನೇ ಎಲ್ಲ. ಮಾಮೂಲಿ ಗಾಳದಲ್ಲಿ ಸೀಸದ ಗುಂಡೋ ಹುಳುವೋ ಭಾರ ಇರುತ್ತದೆ, ಅದನ್ನು ಎಸೆದರೆ ದಾರ ಹಿಂದೆ ಹೋಗುತ್ತದೆ. ಫ್ಲೈ ಅಂದರೆ ಪುಕ್ಕ, ನೂಲು ಸುತ್ತಿದ ಪುಟ್ಟ ಕೊಕ್ಕೆ, ಅದಕ್ಕೆ ತೂಕವೇ ಇಲ್ಲ. ಕಲ್ಲು ಕಟ್ಟಿದ ದಾರವನ್ನು ಯಾರಾದರೂ ಎಸೆದಾರು, ಹತ್ತಿ ಉಂಡೆ ಕಟ್ಟಿದ ದಾರ ಎಸೆದು ನೋಡಿ. ಅದಕ್ಕೇ ಇಲ್ಲಿ ದಾರಕ್ಕೇ ದಪ್ಪ ಪ್ಲಾಸ್ಟಿಕ್ ಹೊದಿಸಿ ತೂಕ ತುಂಬಿರುತ್ತಾರೆ. ಹಿಂದಕ್ಕೆ ಬೀಸಿ, ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ತಡೆದು, ಮುಂದಕ್ಕೆ ಬೀಸಬೇಕು. ಆಗ ದಾರದ ಭಾರಕ್ಕೆ ರಾಡು ಬಿಲ್ಲಿನ ಹಾಗೆ ಬಾಗುತ್ತದೆ, ನೆಟ್ಟಗಾಗುವಾಗ ದಾರವನ್ನು ತಳ್ಳುತ್ತದೆ. ಎತ್ತಿನ ಗಾಡಿಯವರ ಬಾರುಕೋಲು ನೋಡಿದವರಿಗೆ ಬೇರೆ ವಿವರಣೆ ಬೇಡ. ದಾರ ಹಗುರವಾದರೆ ರಾಡು ಬಾಗುವುದೇ ಇಲ್ಲ, ಭಾರವಾದರೆ ಬಾಗಿದ್ದು ಏಳುವುದಿಲ್ಲ. ಹಾಗಾಗಿ ರಾಡಿಗೂ ಒಂದು ನಂಬರು, ಲೈನಿಗೂ ಒಂದು ನಂಬರು. 5ಕ್ಕೆ 5 ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಹಾಕಿದೆ.

ಮಲ್ಲೇಶ್ವರಂ 18ನೇ ಕ್ರಾಸ್ ಮೈದಾನ, ಬೆಳಗ್ಗೆ 6 ಗಂಟೆ, ಕ್ರಿಕೆಟ್ ಹುಡುಗರು ವಿಕೆಟ್ ನೆಡುವುದಕ್ಕೆ ಮುಂಚೆ. ಕೊಕ್ಕೆಯ ಬದಲು ತುದಿಗೆ ಕೆಂಪು ಉಲ್ಲನ್ ಚೂರು ಕಟ್ಟಿಕೊಂಡು ಅಭ್ಯಾಸ. ವಾಕಿಂಗ್ ಬಂದವರು ನಿಂತು ನೋಡುತ್ತಾರೆ. "ಪಟ ಎಲ್ಲಿ ಮೇಡಂ, ಬರೀ ದಾರ ಇದೆಯಲ್ಲ" ಅಂತ ಒಬ್ಬರು. "ನಾಯಿ ಟ್ರೇನಿಂಗಾ?" ಅಂತ ಇನ್ನೊಬ್ಬರು.

20 ಅಡಿ ಲೈನು ಆಚೆ ಬಿಟ್ಟು ಬೀಸಿದರೆ ಬೆಣ್ಣೆ. ಇಷ್ಟು ಸುಲಭವಾ ಅನ್ನಿಸುವಷ್ಟು. 30 ಅಡಿಗೆ ರಾಡು ನರಳಲು ಶುರು. 40 ಅಡಿ ಬಿಟ್ಟರೆ ಮುಗಿಯಿತು, ರಾಡು ಹಿಡಿಯವರೆಗೂ ಬಾಗಿ ಅಲ್ಲೇ ಉಳಿಯುತ್ತದೆ. ಗಾಳಿಯಲ್ಲಿ ಲೈನು ಮಾಡುವ ಮಡಿಕೆ, ಅದನ್ನು ಲೂಪ್ ಅನ್ನುತ್ತಾರೆ, ಕಿರಿದಾಗಿ ಚೂಪಾಗಿ ಹೋಗಬೇಕು. ನನ್ನದು ಗುಡಾಣದ ಬಾಯಿಯಷ್ಟು ಅಗಲ. ಕೊನೆಗೆ ಎಲ್ಲ ಒಂದೇ ಕಡೆ ಶ್ಯಾವಿಗೆ ಹಾಗೆ ರಾಶಿ ಬೀಳುತ್ತಿತ್ತು. ಕೊಲೊರಾಡೊದಲ್ಲಿ ಆ ಮುದುಕರ ರಾಡಿನಲ್ಲಿ 40 ಅಡಿ ಸಲೀಸಾಗಿ ಹೋಗುತ್ತಿತ್ತಲ್ಲ! ವಯಸ್ಸಾಯಿತು ಅಂದುಕೊಂಡೆ. ಮಣಿಕಟ್ಟಿಗೆ ಮುಲಾಮು ಹಚ್ಚಿಕೊಂಡೆ.

ಮಾರಿದವರಿಗೆ ಫೋನ್ ಮಾಡಿದರೆ, "ಮೇಡಂ, ನೀವು ಬಿಗಿನರ್, ಪ್ರಾಕ್ಟೀಸ್ ಸಾಲದು, ಈ ಲೈನು ಬೇಗ ಲೋಡ್ ಆಗುತ್ತೆ, ಬಿಗಿನರ್‌ಗೆ ಅಂತಲೇ ಮಾಡಿರೋದು" ಅಂದರು. ಬೇಗ ಲೋಡ್ ಆಗುತ್ತೆ ಅನ್ನುವ ಮಾತು ಕಿವಿಯಲ್ಲಿ ಕೂತಿತು. ಬೇಗ ಲೋಡ್ ಆಗಬೇಕಾದರೆ, ಅಂದರೆ ದಾರದ ಭಾರಕ್ಕೆ ರಾಡು ಬೇಗ ಬಾಗಬೇಕಾದರೆ, ಒಂದೋ ರಾಡು ಮೆತ್ತಗಿರಬೇಕು, ಇಲ್ಲಾ ಲೈನು ಭಾರ ಇರಬೇಕು. ರಾಡು ಅವರದಲ್ಲ. ಹಾಗಾದರೆ?

5 ಅಂದರೆ ಎಷ್ಟು ಅಂತ ಹುಡುಕಿದೆ. ಇದು ಸುಮ್ಮನೆ ಇಟ್ಟ ನಂಬರಲ್ಲ. ಲೈನಿನ ಮೊದಲ 30 ಅಡಿಯ ತೂಕ ಎಷ್ಟು ಗ್ರೇನ್ ಅನ್ನುವುದರ ಮೇಲೆ ನಿಂತ ಅಳತೆ. ಗ್ರೇನ್ ಅಂದರೆ ಹಿಂದೆ ಧಾನ್ಯದ ಕಾಳಿನಿಂದ ಬಂದ ತೂಕ, ನಮ್ಮ ಚಿನ್ನದವರ ಗುಲಗಂಜಿ ಇದ್ದ ಹಾಗೆ, 0.0648 ಗ್ರಾಂ. 5ನೇ ನಂಬರಿಗೆ 140 ಗ್ರೇನ್, ಆರು ಗ್ರೇನ್ ಆಚೀಚೆ ಆದರೆ ಪರವಾಗಿಲ್ಲ. 6ಕ್ಕೆ 160, ಎಂಟು ಆಚೀಚೆ. 8ಕ್ಕೆ 210. ಇದನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ಮೀನುಗಾರಿಕೆ ಸಾಮಗ್ರಿ ತಯಾರಕರ ಸಂಘ ಗೊತ್ತುಮಾಡಿತು. ಟಾಲರೆನ್ಸ್, ಅಂದರೆ ಆಚೀಚೆ ಆಗಬಹುದಾದ ಮಿತಿ, ಕೊಟ್ಟಿದ್ದಾರೆ ಅಂತ ನೋಡಿದ ತಕ್ಷಣ ನನಗೆ ಫ್ಯಾಕ್ಟರಿಯ ವಾಸನೆ ಬಂತು.

ಅದಕ್ಕೂ ಹಿಂದೆ ಲೈನುಗಳನ್ನು ರೇಷ್ಮೆಯಲ್ಲಿ ಹೆಣೆಯುತ್ತಿದ್ದರು. ಮೀನು ಹಿಡಿದು ಬಂದ ಮೇಲೆ ಒಣಗಿಸಿ ಜಿಡ್ಡು ಸವರಬೇಕಿತ್ತು, ಇಲ್ಲದಿದ್ದರೆ ಕೊಳೆತು ಹೋಗುತ್ತಿತ್ತು. ಆಗ ಅಳತೆ ತೂಕದ್ದಲ್ಲ, ದಪ್ಪದ್ದು. ಎ ಅಂದರೆ ಇಂಚಿನ ಸಾವಿರದಲ್ಲಿ 60 ಪಾಲು, ಬಿ ಅಂದರೆ 55, ಹಾಗೇ ಐದೈದು ಇಳಿಯುತ್ತಾ ಎಚ್‌ಗೆ 25. ತುದಿ ಎಚ್, ಹೊಟ್ಟೆ ಡಿ, ಮತ್ತೆ ತುದಿ ಎಚ್ ಇದ್ದರೆ ಆ ಲೈನಿನ ಹೆಸರು ಎಚ್‌ಡಿಎಚ್. ಲೈನು ಎಲ್ಲಾ ರೇಷ್ಮೆಯದೇ ಆದಾಗ ದಪ್ಪ ಹೇಳಿದರೆ ತೂಕ ಹೇಳಿದಂತೆಯೇ ಆಗುತ್ತಿತ್ತು. ನೈಲಾನು, ಪ್ಲಾಸ್ಟಿಕ್ಕು ಬಂದ ಮೇಲೆ ಅದೇ ದಪ್ಪಕ್ಕೆ ತೂಕ ಬೇರೆ ಬೇರೆ ಆಗಿ ಗೊಂದಲ ಹುಟ್ಟಿತು. ಆ ಗೊಂದಲ ಬಗೆಹರಿಸಲೆಂದೇ ತೂಕದ ನಂಬರು ಬಂದದ್ದು. ಅದನ್ನು ಈಗ ಮತ್ತೆ ಗೊಂದಲ ಮಾಡಿಟ್ಟಿದ್ದಾರೆ ಅನ್ನುವುದೇ ನನ್ನ ಸಿಟ್ಟು.

ತೂಗಬೇಕು ಅಂತ ತೀರ್ಮಾನ ಆಯಿತು. ಅಡುಗೆಮನೆಯ ತಕ್ಕಡಿ 1 ಗ್ರಾಂಗಿಂತ ಸೂಕ್ಷ್ಮ ತೋರಿಸುವುದಿಲ್ಲ. ಆಗ ನೆನಪಾದವರು ನಗರ್ತಪೇಟೆಯ ನಮ್ಮ ಆಚಾರ್ರು. ಮಗಳ ಓಲೆ, ನನ್ನ ಬಳೆ, ಎಲ್ಲಾ ಅವರ ಕೈಕೆಲಸ.

ಮನೆಯಲ್ಲಿ ಮೊದಲು ಉದ್ದ ಅಳೆದೆ. ನಮ್ಮ ಅಪಾರ್ಟ್‌ಮೆಂಟ್ ಕಾರಿಡಾರಿನ ಟೈಲ್ಸು 2 ಅಡಿಯದು, 15 ಟೈಲ್ಸಿಗೆ 30 ಅಡಿ. ಟೈಲ್ಸ್ ನಂಬಿ ಸುಮ್ಮನಿರುವ ಜಾತಿ ನನ್ನದಲ್ಲ, ಟೇಪು ಹಿಡಿದು ಇನ್ನೊಮ್ಮೆ ನೋಡಿದೆ: 9.14 ಮೀಟರ್. ತುದಿಯಲ್ಲಿ ಒಂದೇ ದಪ್ಪವಾಗಿ ಬರುವ ಗೇಣುದ್ದವನ್ನು ಲೆಕ್ಕಕ್ಕೆ ಹಿಡಿಯಬಾರದು, ಅದನ್ನು ಬಿಟ್ಟು ಅಳೆಯಬೇಕು. 30 ಅಡಿ ಮುಗಿಯುವಲ್ಲಿ ಕಪ್ಪು ಮಾರ್ಕರಿನಿಂದ ಒಂದು ಗೆರೆ. ಈ ಗೆರೆ ಆಮೇಲೆ ಮೈದಾನದಲ್ಲೂ ಉಪಯೋಗಕ್ಕೆ ಬಂತು, ಎಷ್ಟು ಲೈನು ಆಚೆ ಇದೆ ಅಂತ ಕಣ್ಣಿಗೇ ಕಾಣುತ್ತದೆ.

"ಇದೇನಮ್ಮ ಇದು, ಹಳದಿ ದಾರ? ಇದಕ್ಕೆ ಬಂಗಾರದ ನೀರು ಹಾಕಬೇಕಾ?" ಅಂದರು ಆಚಾರ್ರು.

"ಬರೀ ತೂಕ ಹಾಕಿ ಕೊಡಿ ಆಚಾರ್ರೇ."

"ವೇಸ್ಟೇಜ್ ಎಷ್ಟು ಹಾಕ್ಲಿ?"

ನಕ್ಕು ಫ್ಯಾನ್ ಆರಿಸಿದರು, ಗಾಜಿನ ಪೆಟ್ಟಿಗೆಯ ಬಾಗಿಲು ತೆಗೆದರು. ಇಲ್ಲೊಂದು ಸೂಕ್ಷ್ಮ ಇದೆ. ಲೈನನ್ನು ಕತ್ತರಿಸುವ ಹಾಗಿಲ್ಲ, 30 ಅಡಿ ತಟ್ಟೆಯಲ್ಲಿ, ಮಿಕ್ಕಿದ 60 ಅಡಿ ಹೊರಗೆ. ಹೊರಗಿನದು ಕೆಳಗೆ ಜೋತು ಬಿದ್ದರೆ ಎಳೆದು ತೂಕ ತಪ್ಪು ತೋರಿಸುತ್ತದೆ. ಎರಡು ಒಡವೆ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು, ತಟ್ಟೆಯ ಮಟ್ಟಕ್ಕೇ ಮಿಕ್ಕ ಸುರುಳಿಯನ್ನು ಕೂರಿಸಿ, ನಡುವೆ ಎರಡು ಬೆರಳಷ್ಟು ಸಡಿಲ ಬಿಟ್ಟೆ. ಮೂರು ಸಲ ತೂಗಿದೆವು. 10.81, 10.84, 10.82. ಆಚಾರ್ರು ಚೀಟಿ ಪುಸ್ತಕದಲ್ಲಿ ಬರೆದುಕೊಟ್ಟರು: "ಹಳದಿ ದಾರ 1, 10.82 ಗ್ರಾಂ".

10.82 ಗ್ರಾಂ ಅಂದರೆ 167 ಗ್ರೇನ್. 5ಕ್ಕೆ ಇರಬೇಕಾದದ್ದು 140, ಅಂದರೆ 9.07 ಗ್ರಾಂ. ನನ್ನ ಲೈನು ಐದೂ ಅಲ್ಲ, ಐದೂವರೆಯೂ ಅಲ್ಲ, ಆರರ ಗಡಿಯ ಮೇಲಂಚಿನಲ್ಲಿ ಕೂತಿತ್ತು. ಇನ್ನೊಂದು ಗ್ರೇನ್ ಮೇಲೆ ಹೋದರೆ ಆರರ ಟಾಲರೆನ್ಸೂ ಮುಗಿಯುತ್ತದೆ. 40 ಅಡಿ ಆಚೆ ಬಿಟ್ಟಾಗ 14 ಗ್ರಾಂ ದಾಟುತ್ತದೆ. ಅದು 8ನೇ ನಂಬರಿನ 30 ಅಡಿಗಿಂತ ಜಾಸ್ತಿ. ಪಾಪ, ನನ್ನ ರಾಡು ಏಳದೇ ಇದ್ದದ್ದು ಯಾಕೆ ಅಂತ ಆಗ ತಿಳಿಯಿತು. ಕಾಲು ಕೆ.ಜಿ. ಹೊರುವ ಚೀಲಕ್ಕೆ ಅರ್ಧ ಕೆ.ಜಿ. ತುಂಬಿ, ಹೊಲಿಗೆ ಬಿಟ್ಟಿತು ಅಂತ ದರ್ಜಿಯನ್ನು ಬೈದ ಹಾಗಾಗಿತ್ತು.

ಅಸೆಂಬ್ಲಿಯಲ್ಲಿ ನನ್ನ ಕೆಲಸ ಗಡಿಯಾರದೊಳಗೆ ಆಚೀಚೆ ತಿರುಗುವ ಬ್ಯಾಲೆನ್ಸ್ ವೀಲಿಗೆ ಹೇರ್‌ಸ್ಪ್ರಿಂಗ್ ಕೂರಿಸುವ ವಿಭಾಗದಲ್ಲಿತ್ತು. ಕೂದಲಿಗಿಂತ ತೆಳುವಾದ ಸುರುಳಿ, ಚಿಮುಟದಲ್ಲಿ ಹಿಡಿದು ಉಸಿರು ಬಿಗಿಹಿಡಿಯಬೇಕು. ವೀಲುಗಳೂ ಸ್ಪ್ರಿಂಗುಗಳೂ ಒಂದೇ ಮೆಷಿನ್ನಿನಿಂದ ಬಂದರೂ ಒಂದರ ಹಾಗೆ ಇನ್ನೊಂದಿರುವುದಿಲ್ಲ. ಹಾಗಾಗಿ ವೀಲುಗಳನ್ನು ಅಳೆದು ಕ್ಲಾಸ್ ಮಾಡುತ್ತಾರೆ, ಸ್ಪ್ರಿಂಗುಗಳನ್ನೂ ಅಳೆದು ಕ್ಲಾಸ್ ಮಾಡುತ್ತಾರೆ, ಆಮೇಲೆ ಜೋಡಿ ಮಾಡುತ್ತಾರೆ. ಸರಿಯಾದ ಜೋಡಿ ಗಂಟೆಗೆ 18,000 ಸಲ ಬಡಿಯುತ್ತದೆ. ಸ್ಪ್ರಿಂಗ್ ಬಿರುಸಾದರೆ ಗಡಿಯಾರ ಮುಂದೆ ಓಡುತ್ತದೆ, ಮೆತ್ತಗಾದರೆ ಹಿಂದೆ ಬೀಳುತ್ತದೆ. ಆಗ ಯಾರೂ ಸ್ಪ್ರಿಂಗ್ ಕೆಟ್ಟದ್ದು ಅನ್ನುತ್ತಿರಲಿಲ್ಲ. ಜೋಡಿ ತಪ್ಪಿದೆ ಅನ್ನುತ್ತಿದ್ದರು, ಬಿಚ್ಚಿ ಬೇರೆ ವೀಲಿಗೆ ಹಾಕುತ್ತಿದ್ದರು. ಆದರೆ ಸ್ಪ್ರಿಂಗ್ ಡಬ್ಬಿಯ ಮೇಲೆ ಕ್ಲಾಸ್ ತಪ್ಪು ಬರೆದು ಕಳಿಸಿದರೆ ಸೂಪರ್‌ವೈಸರು ಸುಮ್ಮನೆ ಬಿಡುತ್ತಿರಲಿಲ್ಲ.

ಇಲ್ಲಿ ತಪ್ಪು ಬರೆಯುವುದೇ ಪದ್ಧತಿಯಾಗಿದೆ. ಅದಕ್ಕೊಂದು ಕಾರಣವೂ ಇದೆ, ಹೇಳದೆ ಹೋದರೆ ಅನ್ಯಾಯ. 1970ರ ದಶಕದಲ್ಲಿ ಗ್ರ್ಯಾಫೈಟ್ ರಾಡು ಬಂದ ಮೇಲೆ ರಾಡುಗಳು ವರ್ಷದಿಂದ ವರ್ಷಕ್ಕೆ ಬಿರುಸಾದವು. ದೂರ ಎಸೆಯುವವರಿಗೆ ಬಿರುಸು ಇಷ್ಟ, ಜಾಹೀರಾತಿಗೂ ದೂರ ಇಷ್ಟ. ಹೊಸಬರು 20 ಅಡಿ ಬೀಸಿದರೆ ಅಂಥ ರಾಡು ಜಪ್ಪಯ್ಯ ಅಂದರೂ ಬಾಗುವುದಿಲ್ಲ. ಯಾಕೆಂದರೆ 5ನೇ ನಂಬರಿನ ಲೈನಿನ 20 ಅಡಿ, 30 ಅಡಿಯ ಮೂರರಲ್ಲಿ ಎರಡು ಪಾಲಿಗಿಂತಲೂ ಹಗುರ, ತುದಿ ತೆಳುವಲ್ಲವಾ. 3ನೇ ನಂಬರಿನಷ್ಟು ಭಾರವೂ ಬರುವುದಿಲ್ಲ. ಆಗ ಲೈನು ಮಾಡುವವರು ಸದ್ದಿಲ್ಲದೆ ತೂಕ ಏರಿಸಿದರು. ಕೆಲವರು ಬಾಯಿಬಿಟ್ಟು ಹೇಳುತ್ತಾರೆ. ರಿಯೋ ಕಂಪನಿಯವರ ಗ್ರ್ಯಾಂಡ್ ಅನ್ನುವ ಲೈನು ಒಂದು ಸೈಜ್ ಭಾರ ಅಂತ ಅವರೇ ಹೇಳಿಕೊಳ್ಳುತ್ತಾರೆ, ಸೈಂಟಿಫಿಕ್ ಆಂಗ್ಲರ್ಸ್‌ನವರ ಎಂಪಿಎಕ್ಸ್ ಅರ್ಧ ಸೈಜ್ ಭಾರ. ಹೇಳಿ ಮಾರಿದರೆ ನನ್ನ ತಕರಾರಿಲ್ಲ. ನನ್ನ ಡಬ್ಬಿಯ ಆರು ಮುಖದಲ್ಲೂ ಭೂತಗನ್ನಡಿ ಹಿಡಿದು ಹುಡುಕಿದೆ, ತೂಕದ ಸುದ್ದಿಯೇ ಇಲ್ಲ. ವಾಪಸ್ ಕೇಳಿದರೆ, ರೀಲಿಗೆ ಸುತ್ತಿದ ಮೇಲೆ ವಾಪಸ್ ಇಲ್ಲ ಅಂದರು. ರೀಲಿಗೆ ಸುತ್ತದೆ ಇದನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ಕೇಳಿದೆ. ಫೋನ್ ಇಟ್ಟರು.

ಮಾರಾಟದ ಸೇವೆಗೆ 5ರಲ್ಲಿ 1 ಅಂಕ. ಆ ಒಂದೂ ಪಾರ್ಸೆಲ್ ಚೆನ್ನಾಗಿ ಕಟ್ಟಿದ್ದಕ್ಕೆ.

ಇಷ್ಟಕ್ಕೇ ಮುಗಿದಿದ್ದರೆ ಇದು ಬರೀ ಗೊಣಗಾಟ ಆಗುತ್ತಿತ್ತು. ಒಂದು ಶನಿವಾರ ಮೈದಾನದಲ್ಲಿ ಇನ್ನೊಬ್ಬ ಹುಚ್ಚ ಸಿಕ್ಕಿದ. ಯಶವಂತಪುರದ ಕಡೆಯ ಹುಡುಗ, ಸಾಫ್ಟ್‌ವೇರ್. ದೂರದಿಂದಲೇ ಗೊತ್ತಾಯಿತು, ಅವನೂ ದಾರ ಬೀಸುತ್ತಿದ್ದಾನೆ, ಅವನಿಗೂ ಆಗುತ್ತಿಲ್ಲ. ಆದರೆ ಅವನ ಕಷ್ಟ ನನ್ನದರ ತದ್ವಿರುದ್ಧ. ಲೈನು ಮೇಲೆ ಏಳುತ್ತಲೇ ಇಲ್ಲ, ಅವನು ಭುಜದಿಂದ ಕಟ್ಟಿಗೆ ಒಡೆದ ಹಾಗೆ ಬೀಸುತ್ತಿದ್ದಾನೆ.

"ಆಂಟಿ, ನನ್ನ ರಾಡು ರಾಡಲ್ಲ, ಒನಕೆ" ಅಂದ.

ಅವನ ರಾಡಿನ ಮೇಲೂ 5, ಅವನ ಲೈನಿನ ಮೇಲೂ 5. ನನ್ನ ರಾಡು ಹಿಡಿದು ಅಲ್ಲಾಡಿಸಿ ನೋಡಿದ, ಅವನದನ್ನು ನಾನು ಅಲ್ಲಾಡಿಸಿದೆ. ಅಲ್ಲಾಡಿಸಿದರೆ ಏನೂ ತಿಳಿಯುವುದಿಲ್ಲ, ಅಂಗಡಿಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ರಾಡನ್ನೂ ಅಳೆಯೋಣ ಬಾ ಮರಿ ಅಂತ ಮನೆಗೆ ಕರೆದುಕೊಂಡು ಬಂದೆ.

ರಾಡು ಅಳೆಯಲು ಹ್ಯಾನ್ನಮನ್ ಅನ್ನುವ ಅಮೆರಿಕದವರೊಬ್ಬರು ಸೆಂಟ್ ನಾಣ್ಯಗಳ ಲೆಕ್ಕದಲ್ಲಿ ಒಂದು ಕ್ರಮ ಮಾಡಿಟ್ಟಿದ್ದಾರೆ, ಹೆಸರು ಕಾಮನ್ ಸೆಂಟ್ಸ್. ರಾಡನ್ನು ಅಡ್ಡಲಾಗಿ ಬಿಗಿದು, ತುದಿಗೆ ಚೀಲ ಕಟ್ಟಿ, ರಾಡಿನ ಉದ್ದದ ಮೂರನೇ ಒಂದು ಭಾಗದಷ್ಟು ತುದಿ ಕೆಳಗಿಳಿಯುವವರೆಗೆ ನಾಣ್ಯ ಹಾಕುತ್ತಾ ಹೋಗುವುದು. 9 ಅಡಿ ರಾಡಿಗೆ 3 ಅಡಿ. ನಮ್ಮ ಹತ್ತಿರ ಸೆಂಟ್ ಎಲ್ಲಿ ಬರಬೇಕು? ನಮ್ಮನೆಯವರು ದೇವಸ್ಥಾನದ ಹುಂಡಿಗೆ ಅಂತ ಕೂಡಿಟ್ಟ 1 ರೂಪಾಯಿ ನಾಣ್ಯದ ಡಬ್ಬಿ ಇತ್ತು, ಅದರಲ್ಲಿ ಒಂದೇ ಅಚ್ಚಿನವನ್ನು ಆರಿಸಿದೆವು. ಹಿಡಿಯನ್ನು ಡೈನಿಂಗ್ ಟೇಬಲ್ಲಿಗೆ ಟವೆಲ್ ಸುತ್ತಿ ಕ್ಲಾಂಪ್ ಹಾಕಿದ್ದಾಯಿತು. ನನ್ನ ರಾಡು 27 ನಾಣ್ಯಕ್ಕೆ 3 ಅಡಿ ಇಳಿಯಿತು. ಹುಡುಗನದು 27ಕ್ಕೆ ತಲೆ ಬಾಗಿಸಿತು ಅಷ್ಟೇ. 30, 33, 36. ಕೊನೆಗೆ 38. ಎಣಿಸುತ್ತಿದ್ದ ನಮ್ಮನೆಯವರು, "ಇವೆರಡಕ್ಕೂ ಒಂದೇ ನಂಬರು ಬರೆದವನು ಯಾರು?" ಅಂತ ಕೇಳಿದರು. ಮೂರು ದಿನ ಸೀರೆ ಲೆಕ್ಕ ಹಾಕಿದ ಮನುಷ್ಯ ಆವತ್ತು ನಮ್ಮ ಪಕ್ಷ ಸೇರಿದರು.

ಉಪ್ಪಿಟ್ಟು ತಿಂದು, ಇಬ್ಬರ ಲೈನೂ ಬಿಚ್ಚಿ ಅದಲು ಬದಲು ಮಾಡಿದೆವು. ರೀಲಿನಲ್ಲಿ ಲೈನಿನ ಹಿಂದೆ ಸುತ್ತಿರುವ ಬ್ಯಾಕಿಂಗ್ ದಾರಕ್ಕೆ ಕುಣಿಕೆಯಿಂದ ಕುಣಿಕೆ ಕಟ್ಟಿದ್ದರಿಂದ ಅರ್ಧ ಗಂಟೆಯ ಕೆಲಸ. ಮರುದಿನ ಬೆಳಗ್ಗೆ ಮೈದಾನ. ಹುಡುಗ ನನ್ನ ಹಳದಿ ಲೈನು ಹಾಕಿ ಬೀಸಿದ ಮೂರನೇ ಸಲಕ್ಕೇ ಬಾಯಿ ತೆರೆದು ನಿಂತ. ಒನಕೆ ರಾಡಾಯಿತು. 10.82 ಗ್ರಾಂಗೆ ಆ ಬಿರುಸು ರಾಡು ಎಷ್ಟು ಬೇಕೋ ಅಷ್ಟು ಬಾಗಿ, ಪಟ್ಟನೆ ಎದ್ದು, ಲೂಪು ಬಾಗಿಲ ಸಂದಿನಲ್ಲಿ ನುಸುಳುವಷ್ಟು ಕಿರಿದಾಗಿ ಹೋಯಿತು. ಅದೇ ಲೈನು ನನ್ನ ಕೈಯಲ್ಲಿ ಶ್ಯಾವಿಗೆ ಆಗುತ್ತಿತ್ತು ಅಂದರೆ ಯಾರು ನಂಬಬೇಕು?

ಅವನ ಹಸಿರು ಲೈನು ನನ್ನ ರಾಡಿನಲ್ಲಿ. 40 ಅಡಿ. ರಾಡಿನ ಮೇಲರ್ಧ ಬಾಗಿತು, ಕೆಳಗಿನ ಅರ್ಧ ನಿಂತಿತು. ಕೈಗೆ ಒಂದು ಮೆತ್ತನೆಯ ಎಳೆತ ತಿಳಿಯಿತು, ಹಿಂದೆ ದಾರ ಬಿಚ್ಚಿಕೊಂಡಿತು ಅನ್ನುವುದಕ್ಕೆ ಅದೇ ಗುರುತು. ಮುಂದಕ್ಕೆ ತಂದು ನಿಲ್ಲಿಸಿದೆ. ಉಲ್ಲನ್ ಚೂರು 50 ಅಡಿ ಆಚೆ, ಹುಡುಗರು ಸ್ಟಂಪ್ ನೆಡುವ ಗುಂಡಿಯ ಪಕ್ಕ ಹೋಗಿ ಕೂತಿತು. ಎರಡು ತಿಂಗಳಿಂದ ಹಚ್ಚಿದ ಮುಲಾಮಿನ ದುಡ್ಡು ಕಣ್ಣೆದುರು ಬಂತು. ಆ ದಿನ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ನನ್ನ ಲೆಕ್ಕದಲ್ಲಿ.

ಆಚಾರ್ರ ಹತ್ತಿರ ಹಸಿರು ಲೈನನ್ನೂ ತೂಗಿಸಿದೆ. 9.12 ಗ್ರಾಂ, ಹತ್ತಿರ ಹತ್ತಿರ 141 ಗ್ರೇನ್. ಬರೆದದ್ದು 5, ಇದ್ದದ್ದೂ 5. ಇದು ಅಗ್ಗದ ಲೈನು, ಹುಡುಗ ಕೊಟ್ಟದ್ದು 1,800 ರೂಪಾಯಿ. ತುದಿಯ ಕುಣಿಕೆ ಒರಟು, ಮೈ ಅಷ್ಟು ನುಣುಪಿಲ್ಲ, ರಾಡಿನ ಬಳೆಗಳಲ್ಲಿ ಸಣ್ಣಗೆ ಸದ್ದು ಮಾಡುತ್ತದೆ. ಆದರೂ ನನ್ನ ರಾಡಿಗೆ ಇದಕ್ಕೆ 5ರಲ್ಲಿ 4 ಕೊಡುತ್ತೇನೆ. 5,900ರ ಹಳದಿಗೆ ನನ್ನ ರಾಡಿನ ಮೇಲೆ 2, ಹುಡುಗನ ರಾಡಿನ ಮೇಲೆ ನಾಲ್ಕೂವರೆ. ಬೆಲೆಯ ವ್ಯತ್ಯಾಸ ಅವನು ಕೊಡಲು ಬಂದ, ನಾನು 2,000 ಮಾತ್ರ ಇಸಿದುಕೊಂಡೆ. ಎರಡು ತಿಂಗಳು ಉಜ್ಜಿದ್ದೀನಲ್ಲ.

ಹಳದಿಯ ಪರವಾಗಿ ಇನ್ನೊಂದು ಮಾತು. ನಾನು ಮೀನು ಹಿಡಿಯುವುದು ದೊಡ್ಡಬಳ್ಳಾಪುರದ ಹತ್ತಿರ ಗೆಳತಿಯ ತೋಟದ ಕೃಷಿ ಹೊಂಡದಲ್ಲಿ. ಜಿಲೇಬಿ ಮೀನು ದಂಡೆಯ ಪಕ್ಕ, ಮೊಣಕಾಲುದ್ದ ನೀರಿನಲ್ಲಿ ಗುಂಡಿ ತೋಡಿ ಕಾವಲು ಕಾಯುತ್ತದೆ. 20 ಅಡಿ, ಹೆಚ್ಚೆಂದರೆ 25 ಅಡಿ ಎಸೆದರೆ ಸಾಕು. ಅಷ್ಟು ಹತ್ತಿರಕ್ಕೆ ನಿಜಕ್ಕೂ ಹಳದಿ ಲೈನೇ ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ. ಹಸಿರಿನಲ್ಲಿ ಅಲ್ಲಿ ಸ್ವಲ್ಪ ಗಟ್ಟಿಯಾಗಿ ಬೀಸಬೇಕು. ಹಾಗಾಗಿ ನಿಮ್ಮದು ಸಣ್ಣ ಹೊಂಡ, ಹತ್ತಿರದ ಎಸೆತ ಅಂತಾದರೆ ಒಂದು ನಂಬರು ಭಾರದ್ದು ಹಾಕಿಕೊಳ್ಳಿ, ಬಿರುಸು ರಾಡಾದರೂ ಹಾಕಿಕೊಳ್ಳಿ. ಸಾಧು ರಾಡು ಇಟ್ಟುಕೊಂಡು 40 ಅಡಿ ಗಾಳಿಯಲ್ಲಿ ಹಿಡಿಯುವ ಆಸೆ ಇದ್ದರೆ ಮಾತ್ರ ತೂಕ ಕರಾರುವಾಕ್ಕಾಗಿರಬೇಕು.

ಇದನ್ನು ಕಾವೇರಿಗೆ ಒಯ್ಯುತ್ತೀರಾ ಅಂತ ಇಬ್ಬರು ಮೂವರು ಕೇಳಿದರು. ಬಿಳಿ ಮೀನು ಅಂತ ನಮ್ಮವರು ಕರೆಯುವ ಮಹಶೀರ್‌ಗೆ 5ನೇ ನಂಬರು ಹಲ್ಲುಕಡ್ಡಿ. ಅದಕ್ಕೆ 8, ಅದಕ್ಕೂ ಮೇಲೆ ಬೇಕು. ಹಿಂದೆ ಅದನ್ನು ರಾಗಿ ಉಂಡೆ ಹಾಕಿ ಹಿಡಿಯುತ್ತಿದ್ದರು, ಮುದ್ದೆ ತಿನ್ನುವ ಮೀನು ಅಂದರೆ ನನಗೆ ಮೊದಲಿನಿಂದಲೂ ಗೌರವ. ಕಾವೇರಿಯ ಆ ಗೂನು ಬೆನ್ನಿನ ಜಾತಿ 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದು ಅಲ್ಲೇ ಇರಲಿ, ನನಗೆ ಜಿಲೇಬಿ ಸಾಕು.

ಎರಡು ಲೈನಿಗೂ ಒಂದು ಸಮಾನ ದೋಷ ಉಂಟು. ಎರಡೂ ತಣ್ಣನೆಯ ನೀರಿಗೆ ಮಾಡಿದವು. ಏಪ್ರಿಲ್ ಮಧ್ಯಾಹ್ನ ಹೊಂಡದ ದಂಡೆಯಲ್ಲಿ ನಿಂತರೆ ಮೈ ಮೆತ್ತಗಾಗಿ ರಾಡಿಗೆ ಅಂಟುತ್ತವೆ, ಬಿಟ್ಟರೂ ಜಾರುವುದಿಲ್ಲ. ಬಿಸಿ ಊರಿಗೆ ಅಂತ ಗಟ್ಟಿ ಹೊದಿಕೆಯ ಲೈನು ಬೇರೆ ಬರುತ್ತದೆ, ಡಬ್ಬಿಯ ಮೇಲೆ ಟ್ರಾಪಿಕಲ್ ಅಂತ ಇರುತ್ತದೆ. ಬೆಂಗಳೂರಿನ ಬೆಳಗಿಗೆ ಅದು ಬೇಡ, ಬೇಸಿಗೆಯಲ್ಲಿ ಬಯಲುಸೀಮೆ ಕಡೆ ಹೋಗುವವರು ಅದನ್ನೇ ನೋಡಿ. ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಮಾತ್ರ ಯಾವ ಲೈನನ್ನೂ ಮುಟ್ಟಬೇಡಿ. ಅದರಲ್ಲಿ ಡೀಟ್ ಅನ್ನುವ ರಾಸಾಯನಿಕ ಇದ್ದರೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ನಾನು ಮೊಣಕೈವರೆಗೆ ಅಳಿಯನ ಹಳೇ ಅಂಗಿ ಹಾಕಿಕೊಂಡು ಹೋಗುತ್ತೇನೆ. ತಿಂಗಳಿಗೊಮ್ಮೆ ಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆ ಬಟ್ಟೆ, ಅಷ್ಟೇ ಆರೈಕೆ.

ಈಗ ನನ್ನ ರೀಲಿನ ಪಕ್ಕಕ್ಕೆ ಒಂದು ಸಣ್ಣ ಚೀಟಿ ಅಂಟಿಸಿದ್ದೇನೆ, 9.12 ಅಂತ. ಹುಡುಗನದಕ್ಕೆ 10.82. ಅವನ ಆಫೀಸಿನಲ್ಲಿ ಇನ್ನಿಬ್ಬರಿಗೆ ಈ ಹುಚ್ಚು ಹತ್ತಿದೆಯಂತೆ, ಅವರ ಎರಡು ಲೈನು, ಒಂದರ ಮೇಲೆ 4, ಇನ್ನೊಂದರ ಮೇಲೆ 6, ನನ್ನ ಕೈಗೆ ಬಂದು ಕೂತಿವೆ. ಆಚಾರ್ರಿಗೆ ಫೋನ್ ಮಾಡಿದೆ. "ತನ್ನಿ ಅಮ್ಮಾ, ಆದರೆ ಅಕ್ಷಯ ತೃತೀಯ ಮುಗೀಲಿ. ಈಗ ಅಂಗಡಿ ತುಂಬ ಚಿನ್ನ ತೂಗೋರೇ, ಮಧ್ಯದಲ್ಲಿ ನಿಮ್ಮ ದಾರ ಇಟ್ರೆ ಗಿರಾಕಿಗಳು ಏನಂದ್ಕೋತಾರೆ" ಅಂದರು.